ಕ್ರೇನಿನ ಬುಡದಲ್ಲಿ

ಭಾನುವಾರ, ಮಧ್ಯಾಹ್ನ

ನನ್ನ ಗುಬ್ಬಿಗೆ,

ಅಮ್ಮನ ಮುದ್ದು. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತುಬಿಟ್ಟೆ, ಕೋಪ ಮಾಡಿಕೊಳ್ಳಬೇಡ. ಪೆನ್ನು ಹಿಡಿದರೆ ಅಕ್ಷರಗಳೆಲ್ಲ ತೇಲಿ ಹೋಗುತ್ತಿದ್ದವು. ಈಗ ಕಿವಿಯೊಳಗಿನ ಕಾಯಿಲೆ ಸ್ವಲ್ಪ ತಗ್ಗಿದೆ. ತಲೆಸುತ್ತು ಬಂದಾಗ ಮಾತ್ರ ಮಂಚ ಮೆಲ್ಲಗೆ ದಡ ಬಿಟ್ಟು ಹೊರಡುತ್ತದೆ. ಹೋಗುವಷ್ಟು ಹೋಗಲಿ ಎಂದು ಕಣ್ಣು ಮುಚ್ಚಿಕೊಳ್ಳುತ್ತೇನೆ. ನಿಮ್ಮಪ್ಪ ಲಂಗರು ಹಾಕಿದ ಹಾಗೆ ನನ್ನ ಪಾದ ಹಿಡಿದು ಕೂರುತ್ತಾರೆ.

ಸುದ್ದಿ ಏನು ಗೊತ್ತಾ? ನಾನು ಮತ್ತೆ ಬಂದರಿಗೆ ಹೋಗುತ್ತಿದ್ದೇನೆ!

ನಮ್ಮ ಮೇಸ್ತ್ರಿ ಮನೆಗೆ ಬಂದಿದ್ದರು. ನಾನು ಓಡಿಸುತ್ತಿದ್ದ ಕ್ರೇನಿಗೆ ಹೊಸ ಹುಡುಗಿ ಬಂದಿದ್ದಾಳಂತೆ, ಕಲಿಸುವವರು ಬೇಕಂತೆ. "ನೀವು ಮೇಲೆ ಹತ್ತೋದೇನೂ ಬೇಡ ಅಕ್ಕ. ಕೆಳಗೆ ಕೂತು ವಾಕಿಟಾಕಿಯಲ್ಲಿ ಹೇಳ್ಕೊಡಿ. ಕಾಯಿಲೆ ಭತ್ಯೆ ಬರೋದು ಬರ್ಲಿ, ಇದೂ ನಡೀಲಿ. ಯಾರಿಗೆ ಗೊತ್ತಾಗುತ್ತೆ?" ಎಂದರು. ಅಳು ಬರುವಷ್ಟು ಆಸೆಯಾಯಿತು ಕಣೇ. ಆದರೆ ಕದ್ದು ಕೆಲಸ ಮಾಡಿ ಸಿಕ್ಕಿಬಿದ್ದರೆ? ಭತ್ಯೆಯೂ ಹೋಯಿತು, ಮಾನವೂ ಹೋಯಿತು. ನಿಮ್ಮಪ್ಪನ ತೋಳು ಹಿಡಿದು ಭತ್ಯೆ ಕಚೇರಿಗೆ ನಡೆದೆ.

ಅಲ್ಲಿನ ಅಧಿಕಾರಿ ನಿನ್ನ ವಯಸ್ಸಿನವಳು, ಮೂಗು ಕಟ್ಟಿತ್ತು ಪಾಪ. "ಮಾಡಬಹುದು ಅಮ್ಮ," ಎಂದಳು. "ಆದ್ರೆ ಮೊದಲು ನಮಗೆ ತಿಳಿಸ್ಬೇಕು, ಒಪ್ಪಿಗೆ ಸಿಕ್ಕಿದ ಮೇಲೇ ಶುರು ಮಾಡ್ಬೇಕು. ತೊಂದ್ರೆ ಇಲ್ಲ ಅಂತ ಡಾಕ್ಟರು ಹೇಳ್ಬೇಕು. ವಾರಕ್ಕೆ ಇಷ್ಟೇ ಹೊತ್ತು ಅಂತ ಮಿತಿ ಇರುತ್ತೆ, ದಾಟಬಾರ್ದು."

"ಕೂತು ಮಾತಾಡೋದೂ ಕೆಲಸಾನಾ?" ಎಂದೆ.

"ನಾನು ಮಾಡ್ತಿರೋದು ಅದೇ ತಾನೇ!" ಎಂದು ನಕ್ಕು, ಸೀನಿದಳು.

ಮೇಸ್ತ್ರಿ ಮಾತ್ರ, "ಹೋಗಿ ಹೋಗಿ ಹುತ್ತಕ್ಕೆ ಕೈ ಹಾಕಿದ್ರಲ್ಲ ಅಕ್ಕ," ಎಂದು ಗೊಣಗಿದರು. ಒಪ್ಪಿಗೆ ಬರುವವರೆಗೂ ನಾನು ಬಂದರಿನ ಗೇಟಿನ ಹತ್ತಿರ ಸುಳಿಯಲಿಲ್ಲ.

ಈಗ ಮಂಜು ಕರಗುವ ಹೊತ್ತಿಗೆ ಕ್ರೇನಿನ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಮೇಲಿನ ಗೂಡಿನಿಂದ ಹುಡುಗಿಯ ದನಿ ಇಳಿದು ಬರುತ್ತದೆ.

"ಅಕ್ಕ, ಪೆಟ್ಟಿಗೆ ತೂಗಾಡ್ತಿದೆ!"

"ಅದರ ಜೊತೆ ಜಗಳ ಆಡ್ಬೇಡ್ವೇ. ಅದು ಹೋಗೋ ಕಡೆಗೇ ನೀನೂ ಒಂಚೂರು ಹೋಗು, ತಾನೇ ಸುಮ್ಮನಾಗುತ್ತೆ."

ಹೇಳುತ್ತಿದ್ದ ಹಾಗೇ ನನ್ನ ಕೈಗಳು ಮಡಿಲಲ್ಲಿ ಇಲ್ಲದ ಹಿಡಿಕೆಯನ್ನು ಸರಿಸುತ್ತಿರುತ್ತವೆ. ಕಣ್ಣು ಮುಚ್ಚಿದರೆ ಸಾಕು, ಮೇಲಿದ್ದೇನೆ: ಹಡಗುಗಳು ಬೆಂಕಿಪೊಟ್ಟಣದಷ್ಟು, ಹಕ್ಕಿಗಳು ನನಗಿಂತ ಕೆಳಗೆ, ಸಮುದ್ರ ಸದ್ದಿಲ್ಲದೆ ಉಸಿರಾಡುತ್ತಿದೆ. ಅಷ್ಟರಲ್ಲಿ ಮೇಸ್ತ್ರಿ ಬಂದು, "ಏಳಿ ಅಕ್ಕ, ಮಿತಿ ಮುಗೀತು!" ಎನ್ನುತ್ತಾರೆ. ಈಗ ನನಗಿಂತ ಅವರಿಗೇ ಭಯ ಜಾಸ್ತಿ.

ಹೊತ್ತಿಗೆ ಸರಿಯಾಗಿ ಊಟ ಮಾಡು ಮಗಳೇ. ನಿನ್ನ ಕಾಲಡಿಯ ನೆಲ ಯಾವತ್ತೂ ಗಟ್ಟಿಯಾಗಿರಲಿ.

ನಿನ್ನ
ಅಮ್ಮ

ಇನ್ನೊಂದು ಮಾತು. ಒಪ್ಪಿಗೆಗೆಂದು ಡಾಕ್ಟರ ಹತ್ತಿರ ಹೋದಾಗ ನಿಮ್ಮಪ್ಪ ಹೊರಗೆ ಕೂತಿದ್ದರು. "ಕೆಳಗೆ ಕೂತು ಮಾಡೋದಕ್ಕೆ ಅಡ್ಡಿಯಿಲ್ಲ. ಮೇಲೆ ಹತ್ತೋದು ಮಾತ್ರ ಇನ್ನು ಯಾವತ್ತೂ ಆಗಲ್ಲಮ್ಮ," ಎಂದರು ಡಾಕ್ಟರು. ಹೊರಗೆ ಬಂದವಳು "ಅಡ್ಡಿಯಿಲ್ಲವಂತೆ" ಎಂದಷ್ಟೇ ಹೇಳಿದೆ. ಅಂದಿನಿಂದ ನಿಮ್ಮಪ್ಪ ದಿನಾ ನನ್ನ ಹತ್ತುವ ಬೂಟುಗಳನ್ನು ಬಿಸಿಲಿಗಿಟ್ಟು, ಒರೆಸಿ, ಬಾಗಿಲ ಬಳಿ ಜೋಡಿಸುತ್ತಾರೆ. ನಾನು ಬೇರೆ ಜೋಡು ಮೆಟ್ಟಿ ಹೋಗುತ್ತೇನೆ. ನೀನು ಬಂದಾಗ ಅವರಿಗೆ ಹೇಳ್ತೀಯಾ? ನನ್ನ ಬಾಯಲ್ಲಿ ಬರುತ್ತಿಲ್ಲ.