ಗ್ರಹಕ್ಕೆ ಬಿದ್ದ ವಿಭೂತಿ

ತಮಿಳು ಸೀಮೆಯ ಬೆಟ್ಟದಿಂದ
14-2-1984

ದೊಡ್ಡಮ್ಮನಿಗೆ ನಮಸ್ಕಾರ. ಸಾಷ್ಟಾಂಗ ಹಾಕೋಣವೆಂದರೆ ಹದಿನೈದು ಪೈಸೆಯ ಕಾರ್ಡಿನಲ್ಲಿ ಕಾಲು ಚಾಚಲು ಜಾಗವಿಲ್ಲ.

ಇಲ್ಲಿ ದೂರದರ್ಶಕದಿಂದ ಪುಟ್ಟ ಗ್ರಹಗಳ ಬೆಳಕನ್ನು ಅಳೆಯುತ್ತೇವೆ. ನನ್ನ ಪಾಲಿನ ಗ್ರಹ ದಿನದಿಂದ ದಿನಕ್ಕೆ ಮಂಕಾಗುತ್ತಿತ್ತು. ಏನೋ ಕಂಡುಹಿಡಿದೆನೆಂದು ಹಿಗ್ಗಿ ವರದಿ ಬರೆದೆ. ಕಳಿಸುವ ಮುನ್ನ, ಎಂದೂ ಬದಲಾಗದ ಪಕ್ಕದ ನಕ್ಷತ್ರವನ್ನು ಅಳೆದರೆ ಅದೂ ಮಂಕು! ಯಂತ್ರ ಬಿಚ್ಚಿದರೆ ಒಳಗಿನ ಗಾಜಿನ ಮೇಲೆ ವಿಭೂತಿ. "ಬರೀ ಹಣೇಲಿ ಕೆಲ್ಸಕ್ಕೆ ಕೂರ್‍ಬೇಡ ಕಣೋ" ಎಂದು ನೀವು ಕಟ್ಟಿಕೊಟ್ಟದ್ದೇ, ನಾನು ಬಗ್ಗಿದಾಗಲೆಲ್ಲ ಹಣೆಯಿಂದ ಉದುರಿತ್ತು.

ಕೆಲಸ ಹೋದರೂ ಹೋಗಲಿ ಎಂದು ವರದಿ ಹರಿದು, ಮೇಲಧಿಕಾರಿ ವೆಂಕಟಸುಬ್ಬಯ್ಯನವರಿಗೆ ನಿಜ ಹೇಳಿದೆ. ಮೈಸೂರಿನ ಆ ಮನುಷ್ಯ ನಕ್ಕುಬಿಟ್ಟರು. "ಏನಪ್ಪಾ, ಗ್ರಹಕ್ಕೂ ದೀಕ್ಷೆ ಕೊಟ್ಬಿಟ್ಯಾ? ಸುಳ್ಳು ಲೆಕ್ಕ ಕಳಿಸ್ಲಿಲ್ವಲ್ಲ, ಸಾಕು. ಗಾಜು ಒರೆಸಿ ಮತ್ತೆ ಅಳೆ."

ಅಳೆದೆ. ಬೆಳಕಿನ ಜೊತೆ ಅದರ ಬಿಸಿಯನ್ನೂ ಲೆಕ್ಕ ಹಾಕಿದಾಗ ತಿಳಿಯಿತು: ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕೇ ಪಾಲು ಹಿಂದಿರುಗಿಸುವ ಜಿಪುಣ ಗ್ರಹ, ನಿಮ್ಮ ರೊಟ್ಟಿ ಹಂಚಿನಷ್ಟು ಕಪ್ಪು. ಅಷ್ಟು ಕಪ್ಪಾಗಿಯೂ ನಮಗೆ ಕಾಣುತ್ತದೆಂದರೆ, ಎಲ್ಲರೂ ಎಣಿಸಿದ್ದರ ಎರಡರಷ್ಟು ದೊಡ್ಡದು. ಆ ವರದಿ ನಿನ್ನೆ ನನ್ನ ಹೆಸರಿನಲ್ಲೇ ಹೋಯಿತು!

ಕೆಮ್ಮು ವಾಸಿಯಾಗಿದೆ. ವಿಭೂತಿ ಬಿಟ್ಟಿಲ್ಲ, ಅಳೆಯುವಾಗ ಹಣೆಯ ಮೇಲೊಂದು ಟವಲು ಕಟ್ಟುತ್ತೇನೆ. ಇನ್ನೊಂದು ಗಟ್ಟಿ ಕಳಿಸಿ.

ನಿನ್ನೆ ವರದಿಗೆ ನಾನು ಸಹಿ ಹಾಕುವಾಗ ವೆಂಕಟಸುಬ್ಬಯ್ಯನವರು, "ಹೆಸರಿನ ಮುಂದೆ 'ಎ' ಅಂದ್ರೆ ಯಾವೂರಪ್ಪಾ?" ಎಂದರು. "ಗಾಜಿನ ಮೇಲೆ ವಿಭೂತಿ ಬಿದ್ದಿತ್ತಲ್ಲ ಸಾರ್, ಅದು ಬಂದ ಊರೇ. ಅಜ್ಜಂಪುರ" ಎಂದೆ.

ಟಪಾಲು ಚೀಲ ಕಟ್ಟುತ್ತಿದ್ದಾರೆ.
ನಿಮ್ಮ
ಎ. ಓಂಕಾರಮೂರ್ತಿ