ಆಮೆಯ ಬೆನ್ನ ಮೇಲಿನ ಮಣ್ಣು

ಮಾರ್ಚ್ 3. ಬೆಳಿಗ್ಗೆ 10

ನಾಲ್ಕನೇ ಫಾರ್ಮಿನ ಹದಿನಾರು ಪುಟಗಳ ಪ್ರೂಫ್. ಅಕ್ಕ ಹಸ್ತಪ್ರತಿ ಹಿಡಿದು ಗಟ್ಟಿಯಾಗಿ ಓದುತ್ತಾಳೆ. ನಾನು ಪ್ರೂಫಿನ ಮೇಲೆ ಕಣ್ಣಿಟ್ಟು ಕೆಂಪು ಪೆನ್ನಿನಲ್ಲಿ ತಿದ್ದುತ್ತೇನೆ. ಇಪ್ಪತ್ತಾರು ವರ್ಷದಿಂದ ಇದೇ ಮೇಜು. ಅಲ್ಪವಿರಾಮವನ್ನೂ ಬಾಯಿಬಿಟ್ಟು ಹೇಳುವುದು ಪದ್ಧತಿ. ಪುಸ್ತಕ: ದೇಶದೇಶಗಳ ಸೃಷ್ಟಿಕಥೆಗಳ ಅನುವಾದ. ಇವತ್ತು ಆದಿದೈತ್ಯ ಸತ್ತ. ಉಸಿರು ಗಾಳಿಯಾಯಿತು, ಕಣ್ಣು ಸೂರ್ಯ ಚಂದ್ರ, ಹಲ್ಲು ಲೋಹ.

"ನನ್ನ ಕಟ್ಟಿಸಿದ ಹಲ್ಲು ಏನಾಗುತ್ತೋ, ಪೂರ್ಣವಿರಾಮ," ಎಂದಳು ಅಕ್ಕ.

ನಕ್ಕೆ. ಕೆಲಸದಲ್ಲಿ ನಗುವವನಲ್ಲ ನಾನು.

ಮಾರ್ಚ್ 9

ಅಚ್ಚಾದ ಹಾಳೆ ನೋಡಿ ಅನುವಾದಕರ ಫೋನ್. "ಅಲ್ರೀ, ಬಾತುಕೋಳಿ ನೀರಲ್ಲಿ ಮುಳುಗಿ ಮಣ್ಣು ತಂದು ಆಮೆ ಬೆನ್ನ ಮೇಲೆ ಹಾಕ್ತು ಅಂತ ನಾನು ಬರೆದಿದ್ದು. ಅಲ್ಲಿ ಮೊಟ್ಟೆ ಇಟ್ಟೋರು ಯಾರು?"

ನಾನೇ. ಪ್ರೂಫಿನಲ್ಲಿ 'ಮಣ್ಣು' ಸರಿಯಾಗಿಯೇ ಅಚ್ಚಾಗಿತ್ತು. ಹೊಡೆದು ಹಾಕಿ 'ಮೊಟ್ಟೆ' ಬರೆದಿದ್ದೇನೆ. ಕೆಂಪು ಶಾಯಿ, ನನ್ನದೇ ದುಂಡಕ್ಷರ. ಅಕ್ಕ 'ಮೊಟ್ಟೆ' ಎಂದು ಓದಿದಳು, ತಿದ್ದಿದೆ. ಅವಳ ಬಾಯಿಂದ ಬಂದಿದ್ದೇ ಮೂಲ ಎಂಬ ಅಭ್ಯಾಸ.

ಸಂಜೆಯವರೆಗೆ ಒಬ್ಬನೇ ಕೂತು ಹೋಲಿಸಿದೆ. ಹನ್ನೊಂದು ಕಡೆ ಹೀಗೆ. ಎರಡು ಫಾರ್ಮ್ ಆಗಲೇ ಅಚ್ಚಾಗಿವೆ.

ಮಾರ್ಚ್ 10

ಮ್ಯಾನೇಜರ್ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. "ನಾಳೆಯಿಂದ ಬೇರೆಯವರು ಓದಲಿ. ಅಕ್ಕಂಗೆ ನೀವೇ ಹೇಳಿ."

ಹೇಳಲಿಲ್ಲ. ಒಂದು ಹಾಳೆ ಕೊಟ್ಟು ಓದಿಸಿದೆ. ನಿರರ್ಗಳ. ಆಮೆ, ಮೊಟ್ಟೆ, ದೈತ್ಯನ ಹಲ್ಲು, ಜೋಳದ ಹಿಟ್ಟಿನಿಂದ ಮಾಡಿದ ಮನುಷ್ಯರು... ನಾಲ್ಕು ಜನಾಂಗದ ಕಥೆ ಒಂದೇ ಉಸಿರಿನಲ್ಲಿ. ಹಾಳೆಯಲ್ಲಿ ಇದ್ದದ್ದು ಬರೀ ಪರಿವಿಡಿ.

"ಸರಿ ಇದ್ಯೇನೋ?" ಎಂದಳು.

"ಸರಿ ಇದೆ."

ಮಾರ್ಚ್ 16. ಮಧ್ಯಾಹ್ನ

ಅಕ್ಕನ ಜೊತೆ ಡಾಕ್ಟರ ಬಾಗಿಲ ಮುಂದೆ ಒಂದು ಗಂಟೆ. ಕೈಯಲ್ಲಿ ಅನುವಾದಿತ ಕಾದಂಬರಿ. ಪುಟ 112. ಒಳಗೆ ಹೋಗುವಾಗಲೂ 112.

"ಹೋಗಿದ್ದು ವಾಪಸ್ ಬರಲ್ಲ," ಎಂದರು ಡಾಕ್ಟರು. "ಇರೋದು ಇನ್ನಷ್ಟು ದಿನ ಇರ್ಲಿ ಅಂತ ನೋಡೋಣ."

ಏಪ್ರಿಲ್ 2

ರಜೆ ಹಾಕಿದ್ದೇನೆ. ಅಕ್ಕನಿಗೆ ಇನ್ನೂ ಹೇಳಿಲ್ಲ. ದಿನಾ ಒಂಬತ್ತಕ್ಕೆ ಕನ್ನಡಕದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾಳೆ. "ಹೊರಡೋಣ್ವಾ? ಲೇಟಾಯ್ತು, ಸೋಮಾರಿ." ಆಫೀಸೇ ಮನೆಗೆ ಬಂದಿದೆ ಎಂದು ಸುಳ್ಳು ಹೇಳಿ ಊಟದ ಮೇಜಿನ ಮೇಲೆ ರದ್ದಿ ಪ್ರೂಫ್ ಹರಡುತ್ತೇನೆ. ಓದುತ್ತಾಳೆ. ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತೇನೆ. ತಿದ್ದುವುದಿಲ್ಲ.

ಏಪ್ರಿಲ್ 19. ಬೆಳಿಗ್ಗೆ 11

ಇವತ್ತು ಹೊಸ ಕಥೆ. "ಮೊದಲು ಎಲ್ಲೆಲ್ಲೂ ನೀರು, ಪೂರ್ಣವಿರಾಮ. ನೀರಿನ ಮೇಲೆ ಇಬ್ಬರೇ ಇದ್ದರು, ಪೂರ್ಣವಿರಾಮ. ಒಬ್ಬಳು ಅಕ್ಕ, ಅಲ್ಪವಿರಾಮ, ಇನ್ನೊಬ್ಬ..."

ನಿಂತಳು. ಹಾಳೆಯಲ್ಲಿ ಬೆರಳಿಟ್ಟು ಹುಡುಕಿದಳು. ಮೇಲಿನಿಂದ ಕೆಳಗೆ, ಮತ್ತೆ ಮೇಲಿನಿಂದ.

"ತಮ್ಮ," ಎಂದೆ.

"ಇಲ್ಲಿ ಹಾಗಿಲ್ಲವಲ್ಲ." ನನ್ನನ್ನು ನೋಡಿದಳು, ಹೊಸಬರನ್ನು ನೋಡುವ ಮರ್ಯಾದೆಯಿಂದ. "ನೀವು ಪ್ರೂಫ್ ನೋಡೋರಾ? ಸ್ವಲ್ಪ ಮೂಲ ನೋಡಿ ಹೇಳ್ತೀರಾ?"

ಹಾಳೆ ನನ್ನ ಕಡೆ ತಿರುಗಿಸಿದ್ದಾಳೆ. ಕೆಂಪು ಪೆನ್ನು ಇಲ್ಲೇ ಇದೆ. ಬರೆದುಕೊಟ್ಟರೆ ಓದಿಯಾಳೇನೋ... ಕಾಯುತ್ತಿದ್ದಾಳೆ. ಬೆರಳು ಇನ್ನೂ ಅಲ್ಲೇ ಇದೆ, ಆ ಖಾಲಿ ಜಾಗದ ಮೇಲೆ.