ಗೇಟಿನ ಪಕ್ಕ ಮೂರಡಿ ಜಾಗ

ಮಾನ್ಯ ಸೌಲಭ್ಯ ವ್ಯವಸ್ಥಾಪಕರೇ,

ಈ ಗಲ್ಫ್ ನಾಡಿನ ವಾದಿ ಅದಾಯ್‌ನಲ್ಲಿರುವ ನಮ್ಮ ವಸತಿ ಸಂಕೀರ್ಣದ ಹಿಂದಿನ ಜಲ್ಲಿಹಾದಿಗೆ ನೀವು ಗೇಟು ಹಾಕಿಸಿದ್ದರಿಂದ, ಇಪ್ಪತ್ತೆರಡು ವರ್ಷ ಆ ಹಾದಿಯಲ್ಲೇ ಸೈಕಲ್ ತುಳಿದ ಮನುಷ್ಯರೊಬ್ಬರು ದೊಡ್ಡ ರಸ್ತೆ ಹಿಡಿಯಬೇಕಾಗಿ ಬಂದು ಕೈ ಮುರಿದುಕೊಂಡಿದ್ದಾರೆ. ಇದೇ ನನ್ನ ದೂರು. ಇಂಗ್ಲಿಷಿನಲ್ಲಿ ಮೂರು ಸಲ ಇ-ಮೇಲ್ ಬರೆದೆ. ಮೂರು ಸಲವೂ ‘ನಿಮ್ಮ ಕೋರಿಕೆಯನ್ನು ದಾಖಲಿಸಿಕೊಳ್ಳಲಾಗಿದೆ’ ಎಂಬ ಉತ್ತರ ಅರೆ ನಿಮಿಷದಲ್ಲಿ ಬಂತು. ಅಷ್ಟು ಬೇಗ ಓದಿ ಮುಗಿಸುವ ಮನುಷ್ಯರನ್ನು ನಾನು ಕಂಡಿಲ್ಲ. ಕಳೆದ ನವೆಂಬರಿನಲ್ಲಿ ನಮ್ಮ ಕನ್ನಡ ಬಳಗದ ವೇದಿಕೆಯಲ್ಲಿ ಶಾಲು ಹೊದಿಸಿಕೊಂಡು, ಯಾರಾದರೂ ಕನ್ನಡದಲ್ಲಿ ಮಾತಾಡಿಸಿದರೆ ನಿಮ್ಮ ಕರುಳು ಚುರ್ ಎನ್ನುತ್ತದೆ ಎಂದಿದ್ದಿರಿ. ಅದನ್ನು ನಂಬಿ ಬಳಗದ ಪತ್ರಿಕೆಯಲ್ಲಿ, ಎಲ್ಲರೂ ಓದುವಂತೆ, ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಕೈ ಮುರಿದುಕೊಂಡವರ ಹೆಸರು ಕೊಗ್ಗ. ಕರಾವಳಿಯವರು, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವರು, ನಾವೆಲ್ಲ ಕೊಗ್ಗಣ್ಣ ಎನ್ನುತ್ತೇವೆ. ಗ್ಯಾರೇಜುಗಳ ಸಾಲಿನ ಹಿಂದಿರುವ ಲಾಂಡ್ರಿಯಲ್ಲಿ ಕೆಲಸ. ನಮ್ಮ ಇನ್ನೂರು ಮನೆಗಳಿಂದ ಬಟ್ಟೆ ಒಯ್ದು, ಇಸ್ತ್ರಿ ಮಾಡಿ, ಸೈಕಲ್ಲಿನ ಹಿಂದೆ ತಾವೇ ಕಟ್ಟಿಕೊಂಡ ಕಬ್ಬಿಣದ ಸರಳಿಗೆ ಹ್ಯಾಂಗರ್ ಸಮೇತ ತೂಗುಹಾಕಿಕೊಂಡು ತರುತ್ತಿದ್ದರು. ನೀವು ಕಚೇರಿಗೆ ಹಾಕಿಕೊಂಡು ಹೋಗುವ ಶರ್ಟೂ ಅದೇ ಸರಳಿನಲ್ಲಿ ತೂಗಿಕೊಂಡು ಬಂದದ್ದೇ. ಗ್ಯಾರೇಜಿನಿಂದ ನಮ್ಮ ಮನೆಗಳವರೆಗೆ ಗುಡ್ಡದ ಬುಡದಲ್ಲಿ, ವಾದಿಯ, ಅಂದರೆ ಬತ್ತಿದ ಮಳೆಹಳ್ಳದ, ದಂಡೆಗುಂಟ, ಮೂರು ಕಿಲೋಮೀಟರ್ ಜಲ್ಲಿಹಾದಿ. ಹಿಂದೆ ನೀರಿನ ಪೈಪು ಹಾಕುವಾಗ ಮಾಡಿದ್ದು, ಆಮೇಲೆ ಅದನ್ನು ಎಲ್ಲರೂ ಮರೆತಿದ್ದರು. ಕೊಗ್ಗಣ್ಣನಂಥ ಹತ್ತಿಪ್ಪತ್ತು ಸೈಕಲ್ಲಿನವರು ಮರೆತಿರಲಿಲ್ಲ.

ಈಗ ನನ್ನ ಪಾಲಿನ ತಪ್ಪನ್ನು ಹೇಳಿಬಿಡುತ್ತೇನೆ. ಗೇಟು ಬೇಕೆಂದು ಅರ್ಜಿ ಕೊಟ್ಟವನು ನಾನೇ.

ಶುಕ್ರವಾರ ಬಂತೆಂದರೆ ಆ ಹಾದಿಯಲ್ಲಿ ದೊಡ್ಡ ಜೀಪುಗಳು ಧೂಳೆಬ್ಬಿಸಿಕೊಂಡು ಪಂದ್ಯ ಆಡುತ್ತಿದ್ದವು. ಹನ್ನೊಂದನೇ ತರಗತಿಯಲ್ಲಿರುವ ನನ್ನ ಮಗಳು ಸ್ಪಂದನಾಗೆ ಒಂದು ಜೀಪು ಗೇಣಳತೆಯಲ್ಲಿ ತಪ್ಪಿತು. ಆ ವರ್ಷವೇ ನನ್ನ ಕಂಪನಿ ನನ್ನನ್ನು ಆರು ವಾರದ ತರಬೇತಿಗೆ ಇಂಗ್ಲೆಂಡಿಗೆ ಕಳಿಸಿತ್ತು. ಡರ್ಬಿಶೈರಿನ ಹಳ್ಳಿಗಾಡಿನಲ್ಲಿ, ರೈಲು ನಿಂತುಹೋದ ಹಳಿಗಳನ್ನು ಕಿತ್ತು, ಆ ಜಾಗದಲ್ಲಿ ಜಲ್ಲಿ ಹಾಸಿ ಸೈಕಲ್ ಹಾದಿ ಮಾಡಿದ್ದಾರೆ. ಮೈಲಿಗಟ್ಟಲೆ ಹೋದರೂ ಒಂದು ಕಾರಿಲ್ಲ. ಗಾಲಿಯ ಕೆಳಗೆ ಜಲ್ಲಿ ಕರಕರ ಎನ್ನುವ ಸದ್ದು, ಎರಡೂ ಬದಿ ಹುಲ್ಲು, ಕುರಿ. ಬಾಡಿಗೆ ಸೈಕಲ್ಲಿನಲ್ಲಿ ಹೋಗುತ್ತಾ ನಿಜಕ್ಕೂ ಕಣ್ಣು ತುಂಬಿ ಬಂತು. ಹಾದಿ ಶುರುವಾಗುವಲ್ಲಿ ಕಾರು ನುಗ್ಗದಂತೆ ಒಂದು ಮರದ ಗೇಟು. ಅದರ ಮುಂದೆ ಹೆಲ್ಮೆಟ್ಟು, ಕಪ್ಪು ಕನ್ನಡಕ ಹಾಕಿಕೊಂಡು, ಸೈಕಲ್ ಅಡ್ಡ ಹಿಡಿದು, ಹೊಟ್ಟೆ ಒಳಗೆಳೆದುಕೊಂಡು ಫೋಟೋ ತೆಗೆಸಿಕೊಂಡೆ. ಆ ಫೋಟೋವನ್ನೇ ಅರ್ಜಿಗೆ ಲಗತ್ತಿಸಿ, ‘ಇಂಥದ್ದೊಂದು ನಮಗೂ ಬೇಕು’ ಎಂದು ಬರೆದೆ.

ನೀವು ಕೊಟ್ಟಿರಿ. ಮೂರು ತಿಂಗಳಲ್ಲಿ ಹಾದಿಯ ಎರಡೂ ತುದಿಗೆ ಗೇಟು ಬಂತು. ಈ ಕಡೆ ಗುಡ್ಡದ ಬಂಡೆಗೆ, ಆ ಕಡೆ ವಾದಿಯ ಕಲ್ಲುಗೋಡೆಗೆ ಒತ್ತಿ, ಬೆಕ್ಕೂ ನುಸುಳದಷ್ಟು ಅಚ್ಚುಕಟ್ಟು. ನಿವಾಸಿಗಳಿಗೆ ಕಾರ್ಡು, ಕಾರ್ಡು ತೋರಿಸಿದರೆ ಗೇಟು ತೆರೆಯುತ್ತದೆ. ಪಕ್ಕದಲ್ಲಿ ಬೋರ್ಡು: ‘ಇಂಗ್ಲಿಷ್ ಹಳ್ಳಿಗಾಡಿನ ಅನುಭವ, ಸಂಪೂರ್ಣ ಸಂಚಾರಮುಕ್ತ.’ ಬೋರ್ಡಿನ ತುಂಬ ನನ್ನ ಫೋಟೋ. ಅದರಡಿ ನಿಯಮಗಳು. ನಾಲ್ಕನೆಯದು, ಸರಕು ಹೊತ್ತ ಸೈಕಲ್ಲುಗಳಿಗೆ ಪ್ರವೇಶವಿಲ್ಲ. ಉದ್ಘಾಟನೆಯ ದಿನ ಟೇಪು ಕತ್ತರಿಸಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನು. ನಾಲ್ಕನೆಯ ನಿಯಮವನ್ನು ಓದಿರಲಿಲ್ಲ. ಬೋರ್ಡಿನಲ್ಲಿ ನನ್ನ ಮುಖವನ್ನು ನೋಡುವುದರಲ್ಲೇ ಮುಳುಗಿದ್ದೆ.

ಮರುದಿನ ಬೆಳಿಗ್ಗೆ ನಾನು ಕಾರ್ಡು ತೋರಿಸಿ ಒಳಗೆ ಹೋಗಿ ಗ್ಯಾರೇಜಿನ ಕಡೆಯ ಗೇಟು ತಲುಪಿದಾಗ, ಅದರಾಚೆ ಕೊಗ್ಗಣ್ಣ ಶರ್ಟುಗಳ ಸಮೇತ ನಿಂತಿದ್ದರು. ಕಾವಲಿನವನು ಮುಜುಗರದಿಂದಲೇ, “ಆರ್ಡರ್ ಹೈ ಚಾಚಾ, ಮೈ ಕ್ಯಾ ಕರೂಂ?” ಎನ್ನುತ್ತಿದ್ದ.

“ಇಷ್ಟು ವರ್ಷ ಇದರಲ್ಲೇ ಬಂದದ್ದಲ್ವಾ ಮಾರಾಯ?” ಎಂದರು ಕೊಗ್ಗಣ್ಣ. ನನ್ನನ್ನು ನೋಡಿ, “ಸಾರ್, ಇವ ಬಿಡುದಿಲ್ಲ ಅಂತಾನೆ. ಶರ್ಟು ಸರಕಂತೆ. ನೀವೊಂದು ಮಾತು ಹೇಳಿ ನೋಡಿ.”

ನಾನು ಹೇಳಿದೆ. ಅವನು ಬೋರ್ಡು ತೋರಿಸಿದ. “ಕಚೇರಿಗೆ ಬರೆಯುತ್ತೇನೆ ಕೊಗ್ಗಣ್ಣ, ಎರಡು ದಿನ ತಡೀರಿ” ಎಂದು ನಾನು ಸವಾರಿ ಮುಂದುವರಿಸಿದೆ. ಅವರು ಸೈಕಲ್ ತಿರುಗಿಸಿಕೊಂಡು ಲಾರಿಗಳು ಇಳಿಯುವ ದೊಡ್ಡ ರಸ್ತೆಗೆ ಹೋದರು.

ಮಾನ್ಯರೇ, ನಿಮ್ಮ ಸಂಚಾರಮುಕ್ತ ಹಾದಿಯ ಬಾಗಿಲಲ್ಲಿ ಶುಕ್ರವಾರ ಬೆಳಿಗ್ಗೆ ಒಮ್ಮೆ ನಿಂತು ನೋಡಿದ್ದೀರಾ? ನಮ್ಮ ಕಟ್ಟಡದಿಂದ ಗೇಟಿಗೆ ನಾನೂರು ಮೀಟರ್. ಅಷ್ಟು ದೂರ ಸೈಕಲ್ಲಿಗೆ ಆಯಾಸವಾಗಬಾರದೆಂದು ಅದನ್ನು ಕಾರಿನ ಬೆನ್ನಿಗೆ ಕಟ್ಟಿಕೊಂಡು ಬರುತ್ತೇವೆ. ಹೋದ ವಾರ ಹದಿನಾಲ್ಕು ಕಾರು ನಿಂತಿದ್ದವು. ಅವು ಸಂಚಾರವಲ್ಲವೇ? ನಿವಾಸಿಯೊಬ್ಬರ ಸೈಕಲ್ಲಿಗೆ ಕಟ್ಟಿದ ಚೀಲದಲ್ಲಿ ಫ್ಲಾಸ್ಕು, ಬಾಳೆಹಣ್ಣು, ಪಂಪು, ಒಂದು ಸ್ಪೀಕರೂ ಇತ್ತು. ಅದು ಸರಕಲ್ಲ, ಆದರೆ ಒಗೆದ ಶರ್ಟು ಸರಕು! ಡರ್ಬಿಶೈರಿನ ಹಾದಿಯಲ್ಲಿ ಮುದುಕಿಯೊಬ್ಬಳು ಸೈಕಲ್ ಬುಟ್ಟಿಯಲ್ಲಿ ಎರಡು ಎಲೆಕೋಸು ಇಟ್ಟುಕೊಂಡು ಬಂದು, ನನಗೆ ಗುಡ್ ಮಾರ್ನಿಂಗ್ ಹೇಳಿ ಹೋಗಿದ್ದಳು. ಎಲೆಕೋಸಿಗೆ ಕಾರ್ಡು ಇದೆಯೇ ಎಂದು ಅವಳನ್ನು ಯಾರೂ ಕೇಳಲಿಲ್ಲ. ಹಾದಿಯಿಂದ ಕಾರುಗಳನ್ನು ಹೊರಗಿಡಿ ಎಂದು ನಾನು ಕೇಳಿದ್ದೆ. ನೀವು ಕೊಗ್ಗಣ್ಣನನ್ನು ಹೊರಗಿಟ್ಟಿರಿ.

ಗೇಟು ಬಂದ ಐದನೆಯ ವಾರ, ಗುರುವಾರ ಮಧ್ಯಾಹ್ನ, ಆ ದೊಡ್ಡ ರಸ್ತೆಯ ಇಳಿಜಾರಿನ ತಿರುವಿನಲ್ಲಿ ಪಿಕಪ್ಪೊಂದರ ಕನ್ನಡಿ ಅವರ ಸರಳಿಗೆ ತಗುಲಿತು. ಚಾಲಕ ನಿಲ್ಲಿಸಿ ತಾನೇ ಆಸ್ಪತ್ರೆಗೆ ಸೇರಿಸಿದ, ಅವನನ್ನು ದೂರುವುದಿಲ್ಲ. ನಾನು ನೋಡಲು ಹೋದಾಗ ಎಡಗೈಗೆ ಪ್ಲಾಸ್ಟರ್, ಕೆನ್ನೆಯೆಲ್ಲ ತರಚಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರು, “ಸಾರ್, ನಿಮ್ಮ ಬಿಳಿ ಶರ್ಟಿಗೆ ಗ್ರೀಸ್ ಆಗಿದೆ. ಅದು ಎಷ್ಟು ಉಜ್ಜಿದ್ರೂ ಹೋಗ್ಲಿಕ್ಕಿಲ್ಲ. ಬೇಜಾರು ಮಾಡ್ಬೇಡಿ ಆಯ್ತಾ?” ಎಂದರು.

ಶರ್ಟು ಹಾಳಾಗಿ ಹೋಗಲಿ ಎಂದೆ. ಗೇಟಿನ ಮಾತು ಅವರೇ ತೆಗೆದರು.

“ಆ ಬೋರ್ಡಲ್ಲಿ ಒಬ್ಬ ಕಪ್ಪು ಕನ್ನಡಕದವ ಇದ್ದಾನಲ್ಲ, ಅವ ಲಂಡನ್ನಿಂದ ತಂದ ಐಡಿಯಾ ಅಂತೆ. ಪಾಪ, ನಮ್ಮಂಥವರು ಆ ದಾರಿಯಲ್ಲಿ ಬರುದು ಅವನಿಗೆ ಎಲ್ಲಿಂದ ಗೊತ್ತಾಗ್ಬೇಕು?”

ನನಗೆ ಗೊತ್ತಿತ್ತು. ಹನ್ನೆರಡು ವರ್ಷ ಅವರು ನನ್ನ ಬಾಗಿಲು ತಟ್ಟಿದ್ದಾರೆ, ಪ್ಯಾಂಟಿನ ತುದಿಯಲ್ಲಿ ಜಲ್ಲಿಯ ಬಿಳಿ ಧೂಳು ಇರುತ್ತಿತ್ತು. ಅವರು ಯಾವ ದಾರಿಯಲ್ಲಿ ಬರುತ್ತಾರೆಂದು ಯೋಚಿಸುವ ಪುರುಸೊತ್ತು ಅರ್ಜಿ ಬರೆಯುವಾಗ ನನಗಿರಲಿಲ್ಲ. ಆ ಮಂಚದ ಪಕ್ಕದಲ್ಲೂ ಅದು ನಾನೇ ಎಂದು ಹೇಳಲಾಗಲಿಲ್ಲ. ನಾಚಿಕೆಯಾಯಿತು, ತಲೆ ತಗ್ಗಿಸಿ ಮನೆಗೆ ಬಂದೆ.

ಮನೆಯಲ್ಲಿ ಸ್ಪಂದನಾ ನನ್ನ ಇಂಗ್ಲೆಂಡಿನ ಫೋಟೋಗಳನ್ನೆಲ್ಲ ತೆರೆದು ಕೂತಿದ್ದಳು. ನಾನು ಹೇಳಿದ್ದ ಆ ಎಲೆಕೋಸಿನ ಮುದುಕಿ ಕಾರ್ಡಿಲ್ಲದೆ ಹೇಗೆ ಒಳಗೆ ಬಂದಳು ಎಂದು ಅವಳಿಗೆ ಅನುಮಾನ. ಕೊನೆಗೆ ಇನ್ನೊಂದು ಫೋಟೋ ಹುಡುಕಿ ತೋರಿಸಿದಳು. ನಾನು ಸೈಕಲ್ ಹತ್ತಿ ಹೊರಟ ಮೇಲೆ ಜೊತೆಯವರು ತೆಗೆದದ್ದು. ಅದೇ ಗೇಟು. ಅದರ ಎಡಕ್ಕೆ, ಕಂಬಕ್ಕೂ ಬೇಲಿಗೂ ನಡುವೆ, ಮೂರಡಿ ತೆರೆದ ಜಾಗ. ಕಾರು ಹೋಗಲಾರದು, ಉಳಿದವರೆಲ್ಲ ಹೋಗಬಹುದು.

“ಅಪ್ಪಾ, ಯು ವರ್ ಸ್ಟ್ಯಾಂಡಿಂಗ್ ಇನ್ ದ ಗ್ಯಾಪ್,” ಎಂದಳು.

ಹೌದು. ಮೊದಲ ಫೋಟೋದಲ್ಲಿ ಆ ಜಾಗವನ್ನು ನಾನೂ ನನ್ನ ಬಾಡಿಗೆ ಸೈಕಲ್ಲೂ ಪೂರ್ತಿ ಮುಚ್ಚಿಕೊಂಡು ನಿಂತಿದ್ದೆವು. ಮೂವತ್ತು ವರ್ಷದಿಂದ ನಕ್ಷೆ ಬರೆದು ಹೊಟ್ಟೆ ಹೊರೆಯುವವನು ನಾನು, ಒಂದು ಗೇಟನ್ನು ಸರಿಯಾಗಿ ನೋಡಲಿಲ್ಲ. ನೀವು ಫೋಟೋದಲ್ಲಿ ಕಂಡದ್ದನ್ನು ಕಟ್ಟಿಸಿದಿರಿ, ಅಷ್ಟರಮಟ್ಟಿಗೆ ನಿಮ್ಮದು ತಪ್ಪಲ್ಲ. ನಾಲ್ಕನೆಯ ನಿಯಮ ಮಾತ್ರ ಯಾವ ಫೋಟೋದಲ್ಲೂ ಇರಲಿಲ್ಲ. ಅದು ನಿಮ್ಮ ಸ್ವಂತ ಬುದ್ಧಿ.

ಮುಂದಿನ ತಿಂಗಳ ಹದಿನೈದಕ್ಕೆ ಕೊಗ್ಗಣ್ಣನ ಪ್ಲಾಸ್ಟರ್ ಬಿಚ್ಚುತ್ತಾರೆ. ಮರುದಿನದಿಂದ ಸೈಕಲ್ ಹತ್ತಬೇಕು, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಲಾಂಡ್ರಿಯ ಮಾಲೀಕರು ಹೇಳಿದ್ದಾರೆ. ಅರವತ್ತರ ಹತ್ತಿರ ಬಂದ, ಈಗಷ್ಟೇ ಕೂಡಿದ ಕೈಯ ಮನುಷ್ಯ ಯಾವ ದಾರಿಯಲ್ಲಿ ಬರಬೇಕು, ನೀವೇ ಹೇಳಿ. ಹದಿನೈದರೊಳಗೆ ಎರಡೂ ಗೇಟುಗಳ ಎಡಗಡೆ ಮೂರಡಿ ಬಿಡಿಸಿ. ನಾಲ್ಕನೆಯ ನಿಯಮ ಕಾಣದಂತೆ ಬಣ್ಣ ಬಳಿಸಿ. ಅಳತೆ ಹಾಕಿದ ನಕ್ಷೆಯನ್ನೂ ಎರಡನೆಯ ಫೋಟೋವನ್ನೂ ಈ ಪತ್ರದ ಪ್ರತಿಯೊಂದಿಗೆ, ಅಚ್ಚಾಗುವ ಮೊದಲೇ, ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಬೋರ್ಡಿನಲ್ಲಿ ನನ್ನನ್ನು ತೆಗೆದು ಆ ಫೋಟೋ ಹಾಕಿಸಿ.

ಪತ್ರಿಕೆ ಬಂದ ದಿನ ಸಂಜೆ ಲಾಂಡ್ರಿಯ ಮೇಲೆ ಕೊಗ್ಗಣ್ಣ ಇರುವ ಕೋಣೆಗೆ ಹೋಗಿ, ಈ ಪತ್ರವನ್ನು ಅವರಿಗೆ ನಾನೇ ಓದಿ ಹೇಳುತ್ತೇನೆ. ಆಮೇಲೆ ಅವರು ನನ್ನ ಶರ್ಟು ಮುಟ್ಟುತ್ತಾರೋ ಇಲ್ಲವೋ ತಿಳಿಯದು. ಗೇಟು ತೆರೆಸಿದ್ದಾರೆ ಎಂಬ ಒಂದು ಸಾಲನ್ನಾದರೂ ಕೊನೆಗೆ ಸೇರಿಸಿ ಓದುವಂತೆ ಮಾಡಿ.

ಇಂತಿ,
ದಾರಿಗೆ ಅಡ್ಡ ನಿಂತು ಫೋಟೋ ತೆಗೆಸಿಕೊಂಡ
ಗೋಪಾಲಕೃಷ್ಣ